ಆರನೇ ಕಾಲಂ

ಅಕಬಾ ಬಂದರಿನ ಗೋಧಿ ಕಣಜದ ಪಕ್ಕ
ಮೂರನೇ ಕೋಣೆ ನನ್ನದು.
ಹಡಗು ಬಂದ ದಿನ
ಅದರ ಹೊಟ್ಟೆಯ ಏಳು ಕಡೆಯಿಂದ ಏಳು ಹಿಡಿ ಕಾಳು
ಡಬ್ಬಿಗಳಲ್ಲಿ ಬರುತ್ತದೆ.
ಅರೆಯುತ್ತೇನೆ, ಒಲೆಯಲ್ಲಿಡುತ್ತೇನೆ, ಮತ್ತೆ ತೂಗುತ್ತೇನೆ.
ಹೋದ ತೂಕವೇ ನೀರು.
ಫಾರಮ್ಮಿನ ಆರನೇ ಕಾಲಮ್ಮಿನಲ್ಲಿ ಬರೆಯುತ್ತೇನೆ:
ತೇವಾಂಶ, ನೂರಕ್ಕೆ ಹನ್ನೆರಡೂವರೆ.
ಸಹಿ, ರುದೈನಾ.

ಹದಿನಾಲ್ಕು ವರ್ಷ ಇದನ್ನೇ ಬರೆದೆ.
ಸುಳ್ಳಲ್ಲ.
ಆದರೆ ಕಳೆದ ಚಳಿಗಾಲ ಸಚಿವಾಲಯದಿಂದ ಬಂದವನೊಬ್ಬ,
ಬೂಟಿಗೆ ದೂಳು ಹತ್ತದಂತೆ ನಡೆಯಬಲ್ಲವ,
ಕಿಟಕಿಯಲ್ಲಿ ನಿಂತು ಹಡಗು ನೋಡಿ ಅಂದ:
"ಅದು ಗೋಧಿಯಲ್ಲಮ್ಮ, ಮಳೆ.
ಕಿಲೋ ಒಂದಕ್ಕೆ ಸಾವಿರ ಲೀಟರಿಗೂ ಮೇಲೆ
ಬೇರೆಯವರ ಆಕಾಶ ಕುಡಿಸಿದ್ದು.
ಅದನ್ನಿಲ್ಲಿ ಬೆಳೆಯಹೋದರೆ ನಾವು ಕುಡಿಯುವುದೇನು?"

ಚೀಟಿಯ ಬೆನ್ನ ಮೇಲೆ ಗುಣಿಸಿ ನೋಡಿದೆ.
ಐವತ್ತು ಸಾವಿರ ಟನ್ನು.
ಸೊನ್ನೆಗಳು ಅಂಚು ದಾಟಿ ಮೇಜಿಗಿಳಿದವು.
ನಮ್ಮ ಮನೆಗೆ ನೀರು ಮಂಗಳವಾರ ಬರುತ್ತದೆ,
ಬಂದರೆ.

ದೀಸಿಯಲ್ಲಿ ನನ್ನ ಸೋದರಮಾವ ಮುತ್ಲಕ್
ಕಂಪನಿಯ ಹೊಲ ಕಾಯುತ್ತಿದ್ದ.
ಮರಳಿನಲ್ಲಿ ತಟ್ಟೆಯಿಟ್ಟಂತೆ ದುಂಡನೆಯ ಹಸಿರು,
ಗಾಣದೆತ್ತಿನ ಹಾಗೆ ಅದನ್ನು ಸುತ್ತುವ
ಉದ್ದ ಕಬ್ಬಿಣದ ತೋಳು.
ಈ ನೆಲವೆಲ್ಲ ಹುಲ್ಲಾಗಿದ್ದ ಕಾಲದಲ್ಲಿ ಸುರಿದು
ಕಲ್ಲಿನಡಿ ಮಲಗಿದ ನೀರು ಅದು.
ಎತ್ತಿದರೆ ಮುಗಿಯಿತು, ಮರಳಿ ತುಂಬುವವರಿಲ್ಲ.
"ನಮ್ಮ ರೊಟ್ಟಿ ನಮ್ಮದೇ ಆಗಲಿ"
ಅಂತ ಅಂದು ಬೋರು ಕೊರೆಸಿದ ಕಾಗದ;
"ಬೋರು ಮುಚ್ಚಿ" ಅಂತ ಆಮೇಲೆ ಬಂದ ಕಾಗದ;
ಮೊಹರು ಒಂದೇ.
ಎರಡೂ ಸರಿ ಅನ್ನುತ್ತಾನೆ ಮಾವ,
ಅದೇ ಅವನ ತಾಪತ್ರಯ,
ಬೈಯಲು ಯಾರೂ ಸಿಗುವುದಿಲ್ಲ.
ಈಗ ಪೈಪಿನ ಕಾವಲು.
ತಾನು ಕಾಯ್ದ ನೀರೇ ಅಮ್ಮಾನಿಗೆ ಹೋಗುವುದನ್ನು
ಕಬ್ಬಿಣಕ್ಕೆ ಕಿವಿಯಾನಿಸಿ ಕೇಳುತ್ತಾನೆ.

ಅತ್ತ ಹೆದ್ದಾರಿಯಲ್ಲಿ ರಾತ್ರಿಯಿಡೀ
ಟೊಮೇಟೊ ಲಾರಿಗಳು ಗಡಿಯ ಕಡೆಗೆ.
ಒಂದೊಂದು ಹಣ್ಣೂ ಸಿಪ್ಪೆ ಸುತ್ತಿದ ಗುಟುಕು.
ಹನಿಗೂಡಿ ಹಳ್ಳವಾಗುವ ಲೆಕ್ಕ ಎಲ್ಲರಿಗೂ ಗೊತ್ತು;
ಹಳ್ಳ ಹನಿಹನಿಯಾಗಿ ಲಾರಿ ಹತ್ತುವುದಕ್ಕೆ
ಗಾದೆ ಇನ್ನೂ ಹುಟ್ಟಿಲ್ಲ.

ನಿನ್ನೆಯ ಹಡಗು ಡ್ಯಾನ್ಯೂಬ್ ನದಿಯ ಕಡೆಯದು.
ನಾಲ್ಕನೇ ಡಬ್ಬಿಯಲ್ಲಿ, ಕಾಳಿನಷ್ಟೇ ಗಾತ್ರದ
ಒಂದು ಬಸವನಹುಳು,
ಬಾಯಿಗೆ ಬಿಳಿ ಪೊರೆ ಬಿಗಿದುಕೊಂಡು ಒಣಗಿತ್ತು.
ಸತ್ತಿದ್ದರೆ ಕಸ. ಬದುಕಿದ್ದರೆ
ಹಡಗು ನಿಲ್ಲಬೇಕು, ಮೇಲಿನವರಿಗೆ ತಿಳಿಸಬೇಕು.
ಗೊತ್ತಾಗಲು ಒಂದೇ ದಾರಿ.
ಬೆರಳದ್ದಿ ಒಂದು ತೊಟ್ಟು ಬಿಟ್ಟೆ,
ಸೋಮವಾರದ ತೊಟ್ಟು, ಬಾಟಲಿಯ ತಳದ್ದು.

ಶಿಹಾದಾ ಚಹಾ ತಂದು ಪಕ್ಕದಲ್ಲಿ ನಿಂತ.
ಫ್ಯಾನು ತಿರುಗುತ್ತಿತ್ತು.
ಚಹಾ ಆರಿತು.
ಪೊರೆ ಬಿರಿಯಿತು.
ಒಂದು ಕೊಂಬು, ತಡೆದು ಇನ್ನೊಂದು,
ಗಾಳಿಯನ್ನು ತಡಕಿದವು:
ಎಲ್ಲಿ, ಈಗಷ್ಟೇ ಸುರಿಯುತ್ತಿತ್ತಲ್ಲ?

ಫಾರಂ ಎಳೆದುಕೊಂಡೆ. ಕ್ರಮದಂತೆ ಬರೆದೆ:
ಜೀವಂತ, ಒಂದು.
"ಬರೆಯಲೇಬೇಕಿತ್ತಾ?" ಅಂದ ಶಿಹಾದಾ.
ಹಡಗು ನಿಂತಿದೆ ಹೊರಗೆ, ದೀಪ ಹಚ್ಚಿಕೊಂಡು,
ಐದು ಸಾವಿರ ಕೋಟಿ ಲೀಟರಿನ ಮೋಡ
ಇಳಿಯಲು ಅಪ್ಪಣೆಯಿಲ್ಲದೆ.
ದಿನಕ್ಕೆ ದಂಡವೆಷ್ಟೆಂದು ಕೇಳಲಿಲ್ಲ ನಾನು.
ಇಲಾಖೆಯವರು ಬರುವವರೆಗೆ
ಹುಳು ನನ್ನ ಮೇಜಿನ ಮೇಲೆ,
ಫಾರಮ್ಮಿನ ಅಂಚಿನಲ್ಲಿ ತೆಳ್ಳಗೆ
ಒಂದು ಹೊಳೆವ ಗೆರೆ ಎಳೆಯುತ್ತ.
ಆ ಗೆರೆಗೂ ಕಾಲಂ ಇಲ್ಲ.

ಇವತ್ತು ಮಂಗಳವಾರ.
ಫೋನಿನಲ್ಲಿ ಅಮ್ಮ: "ಬಂತು, ಬಂತು,
ಬಕೆಟ್ಟು, ಕುಕ್ಕರು, ನಿನ್ನಪ್ಪನ ಚಹಾ ಕೆಟಲು,
ಎಲ್ಲ ತುಂಬಿದೆ. ನಿನಗೇನಾದರೂ ಹಿಡಿದಿಡಲೇ?"

ಹಿಡಿದಿಡು, ಅಂದೆ.
ಒಂದು ಬಟ್ಟಲು.